ಗೆದ್ದರೆ ಒಂದು, ಸೋತರೆ ಒಂದು

ವೆಂಡೆಲ್ ಕಾರ್ವೋನೆನ್ ಕ್ರೀಡಾ ಪತ್ರಿಕೋದ್ಯಮಕ್ಕೆ ವಿದಾಯ ಹೇಳಿದ್ದು ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಕುರ್ಚಿಯ ಕಾರಣಕ್ಕೆ. ಟ್ಯಾಮರಾಕ್ ಊರಿನ ಐಸ್ ಹಾಕಿ ಅಂಗಳದಲ್ಲಿ ಮೂವತ್ತೊಂದು ವರ್ಷ ಅವನು ಕೂತು ಸವೆಸಿದ ಕುರ್ಚಿಯನ್ನು ಒಂದು ದಿನ ಎತ್ತಿ ಆಚೆಗಿಟ್ಟು, ಆ ಜಾಗದಲ್ಲಿ ಪಾಪ್‌ಕಾರ್ನ್ ಯಂತ್ರ ತಂದು ನಿಲ್ಲಿಸಿದರು. ವೆಂಡೆಲ್ ನೇರವಾಗಿ 'ರೇಂಜ್ ಎಕೋ' ಪತ್ರಿಕೆಯ ಕಚೇರಿಗೆ ಹೋಗಿ, "ಪಾಪ್‌ಕಾರ್ನ್ ಇರೋ ಕಡೆ ಕಾರ್ವೋನೆನ್ ಇರಲ್ಲ" ಎಂದು ಮೇಜು ಗುದ್ದಿದ. ಸಂಪಾದಕರು ತಡೆಯುತ್ತಾರೆ, ಕಣ್ಣೀರು ಹಾಕುತ್ತಾರೆ ಎಂದು ಅವನು ಎಣಿಸಿದ್ದ. ಅವರು ರಾಜೀನಾಮೆ ಬರೆಯಲು ತಮ್ಮ ಪೆನ್ನನ್ನೇ ಕೊಟ್ಟರು.

ಮನೆಗೆ ಬಂದು ಹೆಂಡತಿ ಇರ್ಮಾಳ ಮುಂದೆ ಎದೆ ಸೆಟೆಸಿ ನಿಂತು, "ಇನ್ಮೇಲೆ ನಾನು ದೊಡ್ಡದನ್ನ ಬರೀತೀನಿ" ಎಂದ.

ಇರ್ಮಾ ಪದಬಂಧ ತುಂಬಿಸುತ್ತಿದ್ದಳು. "ಬರಿ. 'ಮತ್ತೆ ಬಾರದವನು', ಐದಕ್ಷರ, ಏನಿರಬಹುದು?" ಎಂದಳು. ಉತ್ತರಕ್ಕೆ ಕಾಯದೆ ತಾನೇ ಬರೆದುಕೊಂಡಳು.

ವೆಂಡೆಲ್‌ನ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಪಂದ್ಯ ಮುಗಿಯುವುದಕ್ಕೂ ಪತ್ರಿಕೆ ಅಚ್ಚಿಗೆ ಹೋಗುವುದಕ್ಕೂ ನಡುವೆ ಕಾಫಿ ಕುಡಿಯುವಷ್ಟೂ ಹೊತ್ತು ಇರುತ್ತಿರಲಿಲ್ಲ. ಹಾಗಾಗಿ ಪಂದ್ಯಕ್ಕೆ ಮೊದಲೇ ಎರಡು ವರದಿ ತಯಾರಾಗಬೇಕು. ಒಂದರ ತಲೆಯ ಮೇಲೆ 'ಗೆದ್ದರೆ', ಇನ್ನೊಂದರ ಮೇಲೆ 'ಸೋತರೆ'. ಅಂಕದ ಜಾಗ ಮಾತ್ರ ಖಾಲಿ. ಇದು ಆ ವೃತ್ತಿಯಲ್ಲಿರುವ ಎಲ್ಲರೂ ಮಾಡುವ ಕೆಲಸವೇ. ಆದರೆ ವೆಂಡೆಲ್‌ನ ಖ್ಯಾತಿ ಬೇರೆ. ಹಿಂದಿನ ದಿನ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಮಲಗಿದರೆ, ಬೆಳಿಗ್ಗೆ ಎರಡರಲ್ಲೊಂದರಲ್ಲಿ ಅಂಕ ತುಂಬಿರುತ್ತಿತ್ತು. ಆಡಿದ ಮೇಲೆ ಅದೇ ಅಂಕ ಬರುತ್ತಿತ್ತು. ನಿದ್ದೆಗಣ್ಣಿನಲ್ಲಿ ತಾನೇ ಬರೆದಿರಬೇಕು ಎಂದು ವೆಂಡೆಲ್ ನಂಬಿದ್ದ. 'ನಾಳಿನ ಅಂಕ' ಎಂಬ ಅಂಕಣವನ್ನೇ ಶುರುಮಾಡಿ, ಕೇಳಿದವರಿಗೆಲ್ಲ "ಅನುಭವ ಕಣಯ್ಯಾ, ಕೈಗೇ ಗೊತ್ತಾಗುತ್ತೆ" ಎನ್ನುತ್ತಿದ್ದ. ತಾನು ಬರೆದದ್ದನ್ನು ತಾನೇ ಓದಲಾಗದಂಥ ಅಕ್ಷರ ಅವನದು, ಅನುಮಾನ ಬರುವುದಾದರೂ ಹೇಗೆ?

ದೊಡ್ಡದನ್ನು ಬರೆಯುತ್ತೇನೆಂದು ಕೂತವನು ಮೂರು ತಿಂಗಳು ಕಿಟಕಿಯಾಚೆಯ ಹಿಮವನ್ನು ನೋಡಿದ. ಅಷ್ಟರಲ್ಲಿ ಊರು ಅವನನ್ನು ಮರೆಯಲು ಶುರುಮಾಡಿತು. ಕ್ಷೌರದಂಗಡಿಯಲ್ಲಿ ಯಾರೂ ನಾಳಿನ ಅಂಕ ಕೇಳಲಿಲ್ಲ. ಇದನ್ನು ಮಾತ್ರ ಅವನಿಗೆ ತಡೆಯಲಾಗಲಿಲ್ಲ. ಊರಿನ ಬಾಯಲ್ಲಿ ತನ್ನ ಹೆಸರಿಲ್ಲದಿದ್ದರೆ ತಾನು ಇದ್ದೂ ಇಲ್ಲದಂತೆ ಎಂದು ಅವನಿಗೆ ಅನ್ನಿಸುತ್ತಿತ್ತು. ಹಾಗಾಗಿ ಶವಸಂಸ್ಕಾರದ ಮನೆಯ ಯಜಮಾನ ಟ್ರೆವಿಸಾನ್ ಬಂದು, ತೀರಿಕೊಂಡವರ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡುವ ಕೆಲಸ ಇದೆ ಎಂದಾಗ ಎರಡನೆಯ ಸಲ ಕೇಳಿಸಿಕೊಳ್ಳಲಿಲ್ಲ.

"ಮಂಗಳವಾರ ಮಧ್ಯಾಹ್ನದೊಳಗೆ ಬರಹ ಪತ್ರಿಕೆಗೆ ಮುಟ್ಟಬೇಕು" ಎಂದ ಟ್ರೆವಿಸಾನ್. "ಜನ ಮಾತ್ರ ಮಂಗಳವಾರ ನೋಡ್ಕೊಂಡು ಹೋಗಲ್ಲ, ಅದೇ ತೊಂದರೆ."

"ಅದು ನನಗೆ ಬಿಡಿ. ನಾನು ಮುಂಚೇನೇ ಬರೆದಿಟ್ಕೊಂಡಿರ್ತೀನಿ" ಎಂದ ವೆಂಡೆಲ್.

ಮೊದಲ ಬೇಟೆ ಆರ್ವೋ ಸಾಲ್ಮೆಲಾ. ಹಿಂದೊಮ್ಮೆ ಊರಿನ ತಂಡದ ಗೋಲ್‌ಕೀಪರ್, ಈಗ ತೊಂಬತ್ತೊಂದು ವರ್ಷ, ಸೇತುವೆಯಾಚೆಯ ಆಸ್ಪತ್ರೆಯಲ್ಲಿ ಮಲಗಿದ್ದ. ವೆಂಡೆಲ್ ಹಾಸಿಗೆಯ ಪಕ್ಕ ಕೂತು ನೋಟ್‌ಬುಕ್ ತೆರೆದ.

"ಆರ್ವೋ, ಈ ನಿರ್ಣಾಯಕ ಘಟ್ಟದಲ್ಲಿ ನಿಮ್ಮ ತಯಾರಿ ಹೇಗಿದೆ?"

"ಏನ್ ತಯಾರಿ?"

"ಎದುರಾಳಿ ಬಲವಾಗಿದ್ದಾನೆ. ಇವತ್ತಿನವರೆಗೂ ಒಂದೂ ಪಂದ್ಯ ಸೋತಿಲ್ಲ. ಅವನ ಬಗ್ಗೆ ಏನಾದರೂ ಎರಡು ಮಾತು?"

ಆರ್ವೋ ಬಾಗಿಲ ಕಡೆ ತಿರುಗಿ, "ನರ್ಸಮ್ಮಾ, ಈ ಮನುಷ್ಯನ್ನ ಆಚೆಗೆ ಕಳಿಸಮ್ಮಾ" ಎಂದ.

ವೆಂಡೆಲ್ ಅಭ್ಯಾಸದಂತೆ ಎರಡು ಹಾಳೆ ಬರೆದ. 'ಗೆದ್ದರೆ': ಆರ್ವೋ ಇಂಥ ದಿನ ಮನೆಗೆ ಮರಳಿದರು. 'ಸೋತರೆ': ಇಂಥ ದಿನ, ಇಂಥ ಹೊತ್ತಿಗೆ ನಮ್ಮನ್ನಗಲಿದರು. ದಿನ, ಹೊತ್ತಿನ ಜಾಗ ಖಾಲಿ ಬಿಟ್ಟು, ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ 'ಸೋತರೆ' ಹಾಳೆಯಲ್ಲಿ ಸೀಸದ ಕಡ್ಡಿಯಿಂದ ಬರೆದಿತ್ತು: ಶನಿವಾರ, 2:40.

ಅಂದು ಗುರುವಾರ. ವೆಂಡೆಲ್ ತಲೆ ಕೆರೆದುಕೊಂಡ. ಹಳೇ ಚಾಳಿ, ನಿದ್ದೆಯಲ್ಲಿ ಬರೆದಿರುತ್ತೇನೆ ಎಂದುಕೊಂಡು ಹಾಳೆಯನ್ನು ಟ್ರೆವಿಸಾನ್‌ಗೆ ಮುಟ್ಟಿಸಿದ.

ಶನಿವಾರ ಆರ್ವೋ ಹೋದ. ಆಸ್ಪತ್ರೆಯ ಕಾಗದದಲ್ಲಿ 3:40 ಎಂದಿತ್ತು. "ಒಂದು ಗಂಟೆ ತಪ್ಪಾಯ್ತಲ್ಲಪ್ಪಾ" ಎಂದು ಟ್ರೆವಿಸಾನ್ ತಿದ್ದಲು ಹೊರಟವನು ಪೆನ್ನು ಹಿಡಿದ ಕೈಯಲ್ಲೇ ನಿಂತುಬಿಟ್ಟ. ಸೇತುವೆಯಾಚೆಯದು ಬೇರೆ ಕೌಂಟಿ. ಕಾಲವಲಯವೂ ಬೇರೆ, ಗಡಿಯಾರ ಒಂದು ತಾಸು ಮುಂದೆ: ಅಲ್ಲಿ ಬೇಗದ ಗಂಟೆ, ಇಲ್ಲಿ ನಿಧಾನದ ಗಂಟೆ. ಅಲ್ಲಿಯ ಮೂರೂ ನಲವತ್ತು ಎಂದರೆ ಟ್ಯಾಮರಾಕ್‌ನ ಗಡಿಯಾರದಲ್ಲಿ ಸರಿಯಾಗಿ ಎರಡೂ ನಲವತ್ತು. ಹೆಣಗಳ ನಡುವೆಯೇ ಬೆಳೆದ ಟ್ರೆವಿಸಾನ್‌ಗೆ ಮೊದಲ ಬಾರಿ ಭಯ ಹತ್ತಿತು; ತಿದ್ದದೆ ಪೆನ್ನು ಮುಚ್ಚಿಟ್ಟ.

ಎರಡನೆಯವಳು ಲೆಂಪಿ ನಿಸ್ಕನೆನ್. ಅವಳಿಗೆ ಕಾಯಿಲೆಯೇ ಇರಲಿಲ್ಲ. ದಾರಿಯಲ್ಲಿ ಸಿಕ್ಕಳೆಂದು ವೆಂಡೆಲ್ ನಾಲ್ಕು ಪ್ರಶ್ನೆ ಕೇಳಿದ, ಅಷ್ಟೇ. ಹಾಳೆಯಲ್ಲಿ ಶುಕ್ರವಾರ 9:20 ಎಂದು ಬಂತು. ಶುಕ್ರವಾರ ಒಂಬತ್ತೂ ಇಪ್ಪತ್ತಕ್ಕೆ ಲೆಂಪಿ ಕಾಫಿ ಬಟ್ಟಲು ಕೆಳಗಿಟ್ಟಳು, ಮತ್ತೆ ಎತ್ತಲಿಲ್ಲ. ಮೂರನೆಯವನು ಮಾಂಸದಂಗಡಿಯ ಓಲೆ ಹೌಗೆನ್. ಹನ್ನೆರಡು ದಿನದಿಂದ ಪ್ರಜ್ಞೆಯಿಲ್ಲದೆ ಬಿದ್ದಿದ್ದ, ಟ್ರೆವಿಸಾನ್ ಶವಪೆಟ್ಟಿಗೆಯನ್ನೂ ಒರೆಸಿಟ್ಟಿದ್ದ. ಆದರೆ ತುಂಬಿದ್ದು 'ಗೆದ್ದರೆ' ಹಾಳೆ: ಸೋಮವಾರ, ನಡುಮಧ್ಯಾಹ್ನ. ಸೋಮವಾರ ಹನ್ನೆರಡಕ್ಕೆ ಓಲೆ ಕಣ್ಣು ಬಿಟ್ಟು ಸಾಸೇಜು ಕೇಳಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಊರು ಅದು. ಒಂದು ವಾರದಲ್ಲಿ ಟ್ಯಾಮರಾಕ್‌ನ ಬಾಯಲ್ಲೆಲ್ಲ ವೆಂಡೆಲ್‌ನ ಹೆಸರು. ಅವನು ಬಯಸಿದ್ದು ಇದನ್ನೇ, ಆದರೆ ಹೀಗಲ್ಲ. ಅವನು ಬೀದಿಯಲ್ಲಿ ಬಂದರೆ ಹಿಮ ತೆಗೆಯುತ್ತಿದ್ದವರು ಸಲಿಕೆ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಉಪಾಹಾರ ಗೃಹದಲ್ಲಿ ಬಿಲ್ಲಿಗೆ ಸಹಿ ಮಾಡಲು ಜೇಬಿನಿಂದ ಪೆನ್ನು ತೆಗೆದರೆ ಎಂಟು ಜನ ಅರ್ಧ ತಿಂದ ಪಾಸ್ಟಿ ಎಂಬ ಮಾಂಸದ ಕಡುಬನ್ನು ಬಿಟ್ಟು ಹಿಂಬಾಗಿಲಿಂದ ಓಡಿದರು. ಅಂಚೆ ಕಚೇರಿಯಲ್ಲಿ "ಹೇಗಿದೀರಾ?" ಎಂದು ಕೇಳಿದ್ದಕ್ಕೆ ಗುಮಾಸ್ತ ಬೆವರಿ, "ಚೆನ್ನಾಗಿದೀನಿ! ನೂರಕ್ಕೆ ನೂರು ಚೆನ್ನಾಗಿದೀನಿ! ಬರ್ಕೊಬೇಡಿ!" ಎಂದು ಕಿಟಕಿ ಎಳೆದುಕೊಂಡ. ಪಕ್ಕದ ಮನೆಯ ಫರ್ನ್ ಸ್ಟೆಪಾನಿಚ್ ಅಂತೂ ಬೇಲಿಯಾಚೆಯಿಂದ ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತಿದ್ದಳು.

"ಮುಖ ನೋಡಿದ್ರೆ ಬರೀತೀಯಂತೆ, ನಿಜವೇನೋ?"

"ಫರ್ನ್, ನಾನೇನೂ ಮಾಡ್ತಿಲ್ಲ. ಖಾಲಿ ಬಿಡ್ತೀನಿ, ಅದೇ ತುಂಬ್ಕೊಳ್ಳುತ್ತೆ."

"ಅಯ್ಯೋ ದೇವ್ರೇ, ಅದೇ ತುಂಬ್ಕೊಳ್ಳುತ್ತಂತೆ!" ಎಂದು ಫರ್ನ್ ಕೂಗಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸುದ್ದಿ ಸೂರ್ಯ ಮುಳುಗುವುದರೊಳಗೆ ಸೇತುವೆ ದಾಟಿತು.

ಮಾತಾಡುವವರೇ ಇಲ್ಲದಿದ್ದರೆ ಬರೆಯುವುದೇನನ್ನು? ಟ್ರೆವಿಸಾನ್ ಬಂದು ಕೈ ಹಿಸುಕಿಕೊಂಡ. "ವೆಂಡೆಲ್, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ತಪ್ಪೇ ಇಲ್ಲ ಅನ್ನೋದೇ ತಪ್ಪಾಗಿದೆ. ಭಾನುವಾರ ಚರ್ಚಿನ ನೆಲಮಾಳಿಗೆಗೆ ಬನ್ನಿ. ಜನ ಕೇಳ್ತಾರೆ, ಉತ್ತರ ಕೊಡಿ. ಇಲ್ಲಾಂದ್ರೆ ಕೆಲಸ ಇಲ್ಲಿಗೇ ಮುಗೀತು."

ನೆಲಮಾಳಿಗೆಯಲ್ಲಿ ಕಾಫಿ ಕುದಿಯುತ್ತಿತ್ತು. ನೂರು ಜನ ಕೂತಿದ್ದರೂ ಚಮಚದ ಸದ್ದಿಲ್ಲ. ವೆಂಡೆಲ್ ಒಳಗೆ ಕಾಲಿಡುತ್ತಲೇ ಮುಂದಿನ ಮೂರು ಸಾಲು ಎದ್ದು ಹಿಂದಕ್ಕೆ ಹೋಗಿ ಕೂತವು. ಪಾಸ್ಟರ್ ಎಕ್‌ಹೋಮ್ ಮುಂದೆ ಬಂದರು.

"ವೆಂಡೆಲ್, ನೇರವಾಗಿ ಕೇಳ್ತೀನಿ. ನಿಮಗೆ ಇದು ಮೇಲಿಂದ ಬರುತ್ತೋ, ಕೆಳಗಿಂದ ಬರುತ್ತೋ?"

"ಪಾಸ್ಟರ್, ಇದು ಬರೀ ಅನುಭವ..." ಎಂದ ವೆಂಡೆಲ್. ಮೂವತ್ತೊಂದು ವರ್ಷದ ಬಡಾಯಿ ಬಾಯಿಗೆ ಬಂದೇಬಿಟ್ಟಿತು. "ನನ್ನ ಕೈಗೇ ಗೊತ್ತಾಗುತ್ತೆ."

ಹಿಂದಿನ ಸಾಲಿನಿಂದ ಓಲೆ ಹೌಗೆನ್ ಎದ್ದು ನಿಂತ. ಸಾವಿನ ಬಾಗಿಲು ತಟ್ಟಿ ಬಂದವನಾದ್ದರಿಂದ ಅವನಿಗೆ ಧೈರ್ಯ ಜಾಸ್ತಿ. "ಹಂಗಾದ್ರೆ ಮೊದಲು ನಿನ್ನದು ಬರಿ ಮಾರಾಯ! ನಿನ್ನ ಕೈಗೆ ನಿನ್ನದೇನು ಗೊತ್ತು ನೋಡೋಣ!"

"ಬರೀಲಿ! ಬರೀಲಿ!" ಎಂದು ನೆಲಮಾಳಿಗೆ ಗುಡುಗಿತು.

ಹಾಕಿ ಅಂಗಳದ ಹಾಗೆ ಜನ ಕಾಲು ಬಡಿಯುತ್ತಿರುವಾಗ ಹಿಂದೆ ಸರಿಯುವುದು ಹೇಗೆ? ಅಲ್ಲೇ ಕೂತು ಎರಡು ಹಾಳೆ ಬರೆದ. 'ಗೆದ್ದರೆ' ಎರಡು ಸಾಲಿನಲ್ಲಿ ಮುಗಿಯಿತು. ಸೋಲಿನ ವರದಿಯೇ ಯಾವಾಗಲೂ ಚೆನ್ನಾಗಿ ಬರುವುದು, ಅದು ಆ ಕಸುಬಿನ ಶಾಪ. 'ಸೋತರೆ' ಹಾಳೆಗೆ ಕೂತಾಗ ಅವನ ಕಣ್ಣೇ ತೇವವಾಯಿತು. ಸತ್ತ, ತೀರಿಕೊಂಡ ಎಂಬ ಸಾದಾ ಪದ ತನಗೆ ತಕ್ಕದ್ದಲ್ಲವೆನಿಸಿ, ಹೀಗೆ ಬರೆದ: 'ಈ ಊರಿನ ಪ್ರತಿ ಸೋಲನ್ನೂ ತನ್ನದೆಂದು ಬರೆದ ಟ್ಯಾಮರಾಕ್‌ನ ಪತ್ರಕರ್ತ, ಇಂಥ ದಿನ, ಇಂಥ ಹೊತ್ತಿಗೆ, ಇಲ್ಲವಾದ.' ಪಾಸ್ಟರ್ ಅದನ್ನು ಎಲ್ಲರಿಗೂ ಓದಿ ಹೇಳಿದರು. ಇಬ್ಬರು ಹೆಂಗಸರು ಅತ್ತರು. ಮನೆಗೆ ಬಂದ ವೆಂಡೆಲ್ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅವತ್ತು ಮಾತ್ರ ಕೈಗಳೆರಡನ್ನೂ ಹೊದಿಕೆಯೊಳಗೆ ಬಿಗಿಯಾಗಿ ಮಡಚಿಕೊಂಡು ಮಲಗಿದ.

ಬೆಳಿಗ್ಗೆ ಕೈಗಳು ಮಡಚಿದ ಹಾಗೇ ಇದ್ದವು. ಹಾಳೆ ತುಂಬಿತ್ತು. 'ಸೋತರೆ': ಗುರುವಾರ, 4:10.

ಅವನು ಕಿರುಚಿದ್ದಕ್ಕೆ ಬೇಲಿಯಾಚೆಯಿಂದ ಫರ್ನ್ ಚಪ್ಪಲಿಯಲ್ಲೇ ಹಿಮ ತುಳಿದು ಓಡಿಬಂದಳು. ಇರ್ಮಾ ಒಲೆಯ ಹತ್ತಿರ ನಿಂತು ಕಾಫಿ ಸೋಸುತ್ತಿದ್ದಳು.

"ಏನಾಯ್ತು ಈಗ? ಅದು ನಾನೇ ಬರ್ದಿದ್ದು" ಎಂದಳು.

ವೆಂಡೆಲ್‌ಗೆ ಕುರ್ಚಿ ಸಿಗಲಿಲ್ಲ. ನೆಲದ ಮೇಲೆ ಕೂತ. "ನೀನಾ? ಆರ್ವೋನೂ? ಲೆಂಪೀನೂ?"

"ಖಾಲಿ ಬಿಟ್ಟಿದ್ದೆ ನೀನು. ಖಾಲಿ ಜಾಗ ನೋಡಿದ್ರೆ ನನಗಾಗಲ್ಲ, ಗೊತ್ತಲ್ಲ. ಮೂವತ್ತೊಂದು ವರ್ಷದಿಂದ ನಿನ್ನ ಹಾಕಿ ಅಂಕಾನೂ ನಾನೇ ಅಲ್ವೇ ತುಂಬಿದ್ದು?"

"ನೀನು ಒಂದು ಪಂದ್ಯಾನೂ ನೋಡಿಲ್ಲ, ಇರ್ಮಾ!"

"ಯಾರು ನೋಡ್ತಾರೆ ಆ ಚಳೀಲಿ?"

"ಮತ್ತೆ ಹೇಗೆ ಗೊತ್ತಾಗುತ್ತೆ ನಿನಗೆ?"

ಇರ್ಮಾ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿದಳು. "ಗೊತ್ತಾಗೋದೇನಿಲ್ಲ. ಕೈಗೆ ಬರುತ್ತೆ, ಬರೀತೀನಿ. ಸಕ್ಕರೆ ಎಷ್ಟು ಹಾಕ್ಲಿ?"

ವೆಂಡೆಲ್ ರಬ್ಬರ್ ಹುಡುಕಿ ತಂದು ಉಜ್ಜಿದ. ಹಾಳೆ ತೆಳ್ಳಗಾಯಿತು, ಅಕ್ಷರ ಹೋಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಫರ್ನ್ ಇರ್ಮಾಳ ಕೈಯಲ್ಲಿದ್ದ ಮೋಟು ಪೆನ್ಸಿಲನ್ನು ನೋಡುತ್ತ ನೋಡುತ್ತ ಹಿಮ್ಮುಖವಾಗಿಯೇ ಬಾಗಿಲು ದಾಟಿದಳು. ಹತ್ತು ವರ್ಷದಿಂದ ತನ್ನ ಪದಬಂಧವನ್ನು ಇವಳಿಂದ ತುಂಬಿಸಿಕೊಂಡಿದ್ದೆನಲ್ಲ ಎಂದು ನೆನಪಾಗಿ, ಮನೆಗೆ ಹೋಗಿ ಹಳೇ ಪದಬಂಧಗಳಲ್ಲಿ ತನ್ನ ಹೆಸರೇನಾದರೂ ಇದೆಯೇ ಎಂದು ಸಂಜೆಯವರೆಗೂ ಹುಡುಕಿದಳಂತೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಕಾರ್ವೋನೆನ್ ಮನೆ ತುಂಬಿತು. ಸಾವಿನ ಮನೆಗೆ ತರುವ ಬೇಯಿಸಿದ ಭಕ್ಷ್ಯಗಳನ್ನು, ಹೇಗೂ ತರಲೇಬೇಕಲ್ಲ ಎಂದು ಮುಂಚಿತವಾಗಿಯೇ ತಂದಿದ್ದರು. ಹದಿನೇಳು ಪಾತ್ರೆ. ಹಾಕಿ ತಂಡದ ಶಾಲು ಹೊದ್ದು ವೆಂಡೆಲ್ ನಡುಮನೆಯ ಕುರ್ಚಿಯಲ್ಲಿ ಕೂತಿದ್ದ. ಟ್ರೆವಿಸಾನ್ ಮಾತಾಡಿಸುವ ನೆಪದಲ್ಲಿ ಅವನ ಭುಜದ ಅಗಲವನ್ನು ಎರಡು ಸಲ ಕಣ್ಣಲ್ಲೇ ಅಳೆದ.

ಸೇತುವೆಯಾಚೆಯಿಂದ ಬಂದವರ ಕೈಗಡಿಯಾರಗಳು ಬೇಗದ ಗಂಟೆಯವು. ಅವುಗಳಲ್ಲಿ ನಾಲ್ಕೂ ಹತ್ತಾಯಿತು. ಎಲ್ಲರೂ ಉಸಿರು ಹಿಡಿದರು. ವೆಂಡೆಲ್ ಕಣ್ಣು ಮುಚ್ಚಿದ. ನಾಲ್ಕೂ ಹನ್ನೊಂದಾಯಿತು. ವೆಂಡೆಲ್ ಒಂದು ಕಣ್ಣು ತೆರೆದ.

"ಬದುಕಿದಾನೆ!" ಎಂದು ಮನೆ ಅಲುಗುವ ಹಾಗೆ ಕೂಗು ಎದ್ದಿತು. ಓಲೆ ಅವನನ್ನು ಕುರ್ಚಿ ಸಮೇತ ಎತ್ತಿದ.

"ಇಳಿಸ್ರಪ್ಪಾ" ಎಂದಳು ಇರ್ಮಾ ಅಡುಗೆಮನೆಯಿಂದ. "ನಾನು ಬರೆಯೋದು ನಮ್ಮೂರ ಗಂಟೆ. ಇನ್ನೂ ಒಂದು ತಾಸಿದೆ."

ಓಲೆ ಕುರ್ಚಿಯನ್ನು ಗಾಜಿನ ಸಾಮಾನು ಇಳಿಸುವ ಹಾಗೆ ಇಳಿಸಿದ.

ಆ ಒಂದು ತಾಸು ಟ್ಯಾಮರಾಕ್ ಮರೆಯುವಂಥದ್ದಲ್ಲ. ಎದ್ದು ಹೋಗುವುದು ಮರ್ಯಾದೆಯಲ್ಲ, ಸುಮ್ಮನೆ ಕೂರುವುದು ಸಾಧ್ಯವಿಲ್ಲ. ಹೊರಗೆ ಬೆಳಕು ನೀಲಿಯಾಗುತ್ತ ಬಂತು. ಮೊದಲು ಬಾಯಿಬಿಟ್ಟವಳು ಫರ್ನ್. ಹೇಗೂ ಇವನು ಹೋಗುವವನು, ಇವನಿಂದ ಇನ್ನೇನು ಅಪಾಯ ಎನ್ನಿಸಿತೋ ಏನೋ, ಎದುರಿಗೇ ಕೂತು ಅವನ ಮುಖ ನೋಡಿದಳು.

"ವೆಂಡೆಲ್, ನನ್ನದು ಯಾರು ಬರೀತಾರೋ ಗೊತ್ತಿಲ್ಲ. ನಾನು ಹದಿನಾರರಲ್ಲಿ ಕೊರೆಯೋ ಕೆರೇನ ಈಜಿ ದಾಟಿದ್ದೆ. ಪಂದ್ಯ ಕಟ್ಟಿದ್ದೋರು ಮನೇಗೆ ಹೋಗಿಬಿಟ್ಟಿದ್ರು, ಯಾರೂ ನೋಡ್ಲಿಲ್ಲ. ಅದನ್ನ ಯಾರಿಗೂ ಹೇಳಿಲ್ಲ."

ವೆಂಡೆಲ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಯಾರೂ ಓಡಲಿಲ್ಲ. "ಎಷ್ಟು ಹೊತ್ತಲ್ಲಿ ದಾಟಿದೆ? ಗಾಳಿ ಯಾವ ಕಡೆಗಿತ್ತು?" ಎಂದ. ಫರ್ನ್ ಹೇಳಿದಳು. ಅವನು ಬರೆದ. ಆಮೇಲೆ ಓಲೆ ಬಂದ, ಗುಮಾಸ್ತ ಬಂದ, ಪಾಸ್ಟರ್ ಕೂಡ ತಾವು ಎಳೆಯ ವಯಸ್ಸಿನಲ್ಲಿ ಹೊಡೆದ ಒಂದೇ ಒಂದು ಗೋಲು ತಮ್ಮದೇ ತಂಡದ ಬಲೆಗೆ ಬಿದ್ದದ್ದನ್ನು ಪಿಸುಗುಟ್ಟಿದರು. ಸಾಯಲು ಕೂತವನು ಬೆವರು ಒರೆಸಿಕೊಳ್ಳುತ್ತ ಬರೆದೇ ಬರೆದ. ಅವನ ಜೀವನದಲ್ಲಿ ಅಷ್ಟು ಸುಖವಾದ ತಾಸು ಇನ್ನೊಂದಿರಲಿಲ್ಲ. ಗೋಡೆಯ ಗಡಿಯಾರವನ್ನು ಅವನು ಮರೆತೇಬಿಟ್ಟಿದ್ದ.

ಮರೆಯದಿದ್ದವಳು ಇರ್ಮಾ. ಅವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಮಾತು ಒಂದೊಂದಾಗಿ ಆರಿತು. ನಾಲ್ಕೂ ಒಂಬತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ತನ್ನ ಕೈ ತಪ್ಪಿರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ನಾಲ್ಕೂ ಹತ್ತು.

ಫೋನು ಹೊಡೆದುಕೊಂಡಿತು. ನೂರು ಜನ ಒಟ್ಟಿಗೆ ಬೆಚ್ಚಿದರು. ಇರ್ಮಾ ಎತ್ತಿ ಕೇಳಿಸಿಕೊಂಡಳು, "ಹೂಂ" ಎಂದಳು, ಇಟ್ಟಳು.

"ಪತ್ರಿಕೆಯ ಸಂಪಾದಕರು. ಎಕೋ ಮುಚ್ಚಿಬಿಟ್ರಂತೆ. ಈಗಷ್ಟೇ, ಈ ನಿಮಿಷ. ಇನ್ಮೇಲೆ ಊರಿಗೆ ಪತ್ರಿಕೇನೇ ಇಲ್ಲವಂತೆ."

ಪಾಸ್ಟರ್ ಹಾಳೆ ಎತ್ತಿಕೊಂಡು ಮತ್ತೆ ಓದಿದರು: "'ಟ್ಯಾಮರಾಕ್‌ನ ಪತ್ರಕರ್ತ, ಗುರುವಾರ, 4:10ಕ್ಕೆ, ಇಲ್ಲವಾದ.'" ತಲೆಯೆತ್ತಿದರು. "ಪತ್ರಿಕೆ ಇಲ್ಲ ಅಂದ್ಮೇಲೆ ಪತ್ರಕರ್ತ ಎಲ್ಲಿಂದ ಬಂದ? ವೆಂಡೆಲ್, ಸತ್ತ ಅಂತ ನೀವು ಬರೆದೇ ಇಲ್ಲ!"

ವೆಂಡೆಲ್ ತನ್ನ ಮೈ ಮುಟ್ಟಿ ನೋಡಿಕೊಂಡ. ಆಡಂಬರದ ಭಾಷೆ ಒಬ್ಬ ಮನುಷ್ಯನ ಪ್ರಾಣ ಉಳಿಸಿದ್ದಕ್ಕೆ ಚರಿತ್ರೆಯಲ್ಲಿ ಬೇರೆ ದಾಖಲೆ ಇದ್ದಂತಿಲ್ಲ. ಟ್ರೆವಿಸಾನ್ ಒಬ್ಬನನ್ನು ಬಿಟ್ಟು ಎಲ್ಲರೂ ಹದಿನೇಳು ಪಾತ್ರೆಯನ್ನೂ ಖಾಲಿಮಾಡಿ ಹೋದರು.

ಅಲ್ಲಿಂದ ಮುಂದೆ ಪ್ರತಿ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ವೆಂಡೆಲ್ ಒಬ್ಬೊಬ್ಬರ ಬದುಕನ್ನು ಬರೆದು ಓದತೊಡಗಿದ, ಆ ಮನುಷ್ಯ ಎದುರಿಗೆ ಕೂತು ಕೇಳುತ್ತಿರುವಾಗಲೇ. ಫರ್ನ್ ಕೆರೆ ದಾಟಿದ ದಿನ ಜನ ಎದ್ದು ನಿಂತು ಕಾಲು ಬಡಿದರು. ಕೇಳಲು ಸೇತುವೆಯಾಚೆಯವರೂ ಬಂದರು, ಒಂದು ತಾಸು ಮುಂಚಿತವಾಗಿ. ಒಂದೇ ಹಾಳೆ, 'ಗೆದ್ದರೆ' ಹಾಳೆ. ಅದರಲ್ಲಿ ಒಂದಕ್ಷರದ ಜಾಗವನ್ನೂ ವೆಂಡೆಲ್ ಖಾಲಿ ಬಿಡುತ್ತಿರಲಿಲ್ಲ. ಮಲಗುವ ಮುನ್ನ ಮನೆಯ ಪೆನ್ಸಿಲುಗಳನ್ನೆಲ್ಲ ಒಟ್ಟುಮಾಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ಇರ್ಮಾ ನಗುತ್ತಿದ್ದಳು.

ಆಗಸ್ಟಿನ ಒಂದು ಬೆಳಿಗ್ಗೆ ಅಂಚೆಯಲ್ಲಿ ಚರ್ಚಿನಿಂದ ಕಾಗದ ಬಂತು. ಸೆಪ್ಟೆಂಬರ್ ಕೊನೆಗೆ ಸುಗ್ಗಿಯ ಊಟ, ನಿಮ್ಮ ಮನೆಯಿಂದ ಎಷ್ಟು ಜನ, ಬರೆದು ಕಳಿಸಿ. ವೆಂಡೆಲ್ ಅದನ್ನು ಮೇಜಿನ ಮೇಲಿಟ್ಟು ಗಡ್ಡ ಬೋಳಿಸಿಕೊಳ್ಳಲು ಹೋದ. ಬರುವುದರೊಳಗೆ ಆ ಜಾಗ ತುಂಬಿತ್ತು. ಇರ್ಮಾಳ ತಲೆಗೂದಲಲ್ಲಿ ಸಿಕ್ಕಿಸಿಕೊಂಡಿದ್ದ ಮೋಟು ಪೆನ್ಸಿಲೊಂದು ಅವನ ಲೆಕ್ಕಕ್ಕೆ ತಪ್ಪಿತ್ತು.

ಕಾಗದದಲ್ಲಿ '1' ಎಂದು ಬರೆದಿತ್ತು.

"ಇರ್ಮಾ" ಎಂದ. "ಒಬ್ಬರು ಅಂದ್ರೆ... ಉಳಿಯೋದು ಯಾರು?"

ಅವಳು ಕಾಗದವನ್ನು ಈಗಷ್ಟೇ ನೋಡಿದವಳ ಹಾಗೆ ನೋಡಿದಳು. ಪೆನ್ಸಿಲು ಇನ್ನೂ ಅವಳ ಬೆರಳಲ್ಲೇ ಇತ್ತು. "ಕೈ ಹೆಸರು ಹೇಳಲ್ಲ" ಎಂದಳು.

ಒಲೆಯ ಮೇಲೆ ಕಾಫಿ ಉಕ್ಕಿ ಚುಯ್ ಎಂದಿತು. ಇಬ್ಬರೂ ಅತ್ತ ತಿರುಗಲಿಲ್ಲ.

ಆಮೇಲೆ ವೆಂಡೆಲ್ ಅವಳ ಬೆರಳಿಂದ ಪೆನ್ಸಿಲು ಬಿಡಿಸಿಕೊಂಡು ಬಗ್ಗಿ, ಆ ಒಂದರ ಪಕ್ಕದಲ್ಲಿ ಇನ್ನೊಂದು ಗೀಟು ಎಳೆದ. 11. ಟೋಪಿ ಹಾಕಿಕೊಳ್ಳದೆ ಹೊರಗೆ ಓಡಿದ. "ಫರ್ನ್! ಓಲೆ! ಸುಗ್ಗಿ ಊಟಕ್ಕೆ ನಮ್ಮ ಮನೆಯವರಾಗಿ ಬರ್ಬೇಕು! ನಮ್ಮಿಬ್ಬರ ಜೊತೆಗೆ ಇನ್ನೂ ಒಂಬತ್ತು ಜನ ಬೇಕು ನನಗೆ, ಒಂಬತ್ತು!" ಎಂದು ಬಾಗಿಲಿಂದ ಬಾಗಿಲಿಗೆ ಹೋಗಿ ಬಡಿದ. ಒಂದೊಂದು ಬಾಗಿಲೂ ತೆರೆಯಿತು. ಒಂಬತ್ತೂ ಹೆಸರು ಸಿಕ್ಕಿತು.

ಏದುಸಿರು ಬಿಡುತ್ತ ಬಂದಾಗ ಇರ್ಮಾ ಅದೇ ಕುರ್ಚಿಯಲ್ಲಿ ಅದೇ ಕಾಗದದ ಮುಂದೆ ಕೂತಿದ್ದಳು.

"ಕೋಳಿ ಕಾಲಿನ ಹಾಗಿದೆ ನಿನ್ನ ಅಕ್ಷರ" ಎಂದಳು. ಮೇಜಿನ ಮೇಲೆ ಅವನು ಬಿಟ್ಟುಹೋಗಿದ್ದ ಪೆನ್ಸಿಲನ್ನು ಎತ್ತಿ, ಮೊನೆಯನ್ನು ನಾಲಿಗೆಗೆ ತಾಗಿಸಿಕೊಂಡು, ಅವನು ಎಳೆದ ಗೀಟಿನ ಮೇಲೆಯೇ ಇದೂ ತನ್ನ ಕೈಯದೇ ಆಗಲಿ ಎಂಬಂತೆ ತನ್ನ ಗೀಟನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆದಳು.